ಜಯಮ್ಮನ ಒಲೆಯ ಮೇಲೆ ಇಟಲಿಯ ಸಾರು

ಖಾರದ ಪುಡಿಯ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕಪಾಟಿನಲ್ಲಿಟ್ಟು, ಬಾಗಿಲು ಹಾಕಿದ ಗಂಡಸು ಇಲ್ಲಿಯವರೆಗೆ ಒಬ್ಬರೇ. ಅವರು ಇಟಲಿಯವರು, ಹೆಸರು ಪಾವ್ಲೊ. ಸಾಸಿವೆ ಬೇಡ, ಕರಿಬೇವು ಬೇಡ, ಬೇಳೆಯಂತೂ ಬೇಡವೇ ಬೇಡ ಎಂದು ಕೈ ಅಲ್ಲಾಡಿಸಿದರು. ಹಾಗಾದರೆ ಬರೀ ಟೊಮೇಟೊ ಬೇಯಿಸಲು ಇಡೀ ಭಾನುವಾರ ಯಾಕೆ ಎಂದು ಕೇಳಿದೆ. "ಸ್ಲೋ, ಸ್ಲೋ" ಎಂದರು. ಅವರ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ಇದ್ದುದರಿಂದ ನಮ್ಮಿಬ್ಬರಿಗೆ ಮಾತಿನ ತೊಂದರೆ ಇರಲಿಲ್ಲ.

ನಮ್ಮ ಗದಗಿನ ಕಡೆ ಕುಳಿತು ಇದನ್ನು ಓದುವ ನಿಮಗೆ ಹಾರೋಹಳ್ಳಿ ಎಲ್ಲಿದೆ ಎಂದು ಹೇಳಬೇಕು. ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿ ಬರುತ್ತದೆ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ತಗಡಿನ ಶೆಡ್ಡುಗಳು ಏಳುತ್ತಿವೆ. ಅಂಥದೊಂದು ಫ್ಯಾಕ್ಟರಿಯಲ್ಲಿ ನಮ್ಮ ಯಜಮಾನರಿಗೆ ಕೆಲಸವಾಯಿತು, ನಾನು ರೊಟ್ಟಿ ಊಟದ ಖಾನಾವಳಿ ತೆಗೆದೆ. ನೀವೂ ಬರುವುದಾದರೆ ಬೋರ್ಡಿನ ಮೇಲೆ ಖಾನಾವಳಿ ಎಂದು ಬರೆಸಬೇಡಿ, ಇಲ್ಲಿ ಅದನ್ನು 'ಮೆಸ್' ಎನ್ನುತ್ತಾರೆ. ಇಲ್ಲಿ ಸಿಗುವ ಜೋಳದ ಹಿಟ್ಟಿಗೆ ಜಿಗಿ ಇಲ್ಲ, ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಕುದಿಯುವ ನೀರು ಹಾಕಿಯೇ ನಾದಿ. ಮತ್ತೆ, ಮನೆ ಕೇಳುವಾಗ ದನಿ ತಗ್ಗಿಸಿ. ನಾವು ಪ್ರೀತಿಯಿಂದ ಮಾತಾಡಿದರೂ ಇವರಿಗೆ ಜಗಳದಂತೆ ಕೇಳಿಸುತ್ತದೆ. ಮನೆಯೊಡತಿ ಜಯಮ್ಮ ಮೊದಲ ದಿನವೇ, "ಬಾಡ್ಗೆ ಕೇಳಾಕ್ ಬಂದಿದ್ದೀಯೋ, ಹೊಡ್ಯಾಕ್ ಬಂದಿದ್ದೀಯೋ? ಒಸಿ ಮೆಲ್ಲಗೆ ಹೇಳವ್ವ" ಎಂದಿದ್ದರು. ಒಸಿ ಎಂದರೆ ಸ್ವಲ್ಪ. ಸ್ವಲ್ಪವೇ ಆಗಲಿ, ಮೆಲ್ಲಗೆ ಮಾತಾಡುವುದು ನನಗೆ ಇನ್ನೂ ಒಗ್ಗಿಲ್ಲ.

ಅದೇ ಫ್ಯಾಕ್ಟರಿಗೆ ಹೋದ ತಮ್ಮ ಹೊಲದ ದುಡ್ಡಿನಲ್ಲಿ ಜಯಮ್ಮ ಸಾಲು ಮನೆಗಳನ್ನೂ ಒಂದು ಮಳಿಗೆಯನ್ನೂ ಕಟ್ಟಿಸಿದ್ದಾರೆ. ಆ ಮಳಿಗೆಯಲ್ಲೇ ನನ್ನ ಖಾನಾವಳಿ. ಅದನ್ನು ಯಾರೋ ಗೋಡೌನಿಗೆ ಕೇಳಿದ್ದಾರೆ, ದೀಪಾವಳಿ ಕಳೆದ ಮೇಲೆ ಬಿಟ್ಟುಕೊಡು ಎಂದು ಅವರು ಹೇಳಿದ ತಿಂಗಳಲ್ಲೇ ಪಾವ್ಲೊ ಬಂದದ್ದು. ಇನ್ನೊಂದು ಮಳಿಗೆ ಸಿಗುವಂತಿರಲಿಲ್ಲ. ಮಳಿಗೆ ಹೋದರೆ ಖಾನಾವಳಿ ಹೋಯಿತು, ಖಾನಾವಳಿ ಹೋದರೆ ನಾವು ಊರಿನ ಬಸ್ಸು ಹತ್ತುವುದೇ.

ಪಾವ್ಲೊ ನಮ್ಮ ಯಜಮಾನರ ಫ್ಯಾಕ್ಟರಿಗೆ ಮೆಷೀನು ಕೂರಿಸಲು ಬಂದವರು. ಮುದ್ದೆ ಇಳಿಯಲಿಲ್ಲ, ನನ್ನ ರೊಟ್ಟಿಯೂ ಇಳಿಯಲಿಲ್ಲ. ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ್ದರು. ಯಜಮಾನರು ಕರೆತಂದಾಗ ಅವರು ಕೇಳಿದ್ದು ಒಂದೇ: ತಮ್ಮ ತಾಯಿ ಮಾಡುತ್ತಿದ್ದ 'ಸುಗೊ' ಮಾಡಲು ಒಂದು ದಿನ ಒಲೆ ಬೇಕು. ಸುಗೊ ಎಂದರೆ ಅವರ ಟೊಮೇಟೊ ಸಾರು, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಯಬೇಕು. ಅಷ್ಟು ಹೊತ್ತು ಗ್ಯಾಸು ಉರಿಸಲು ನನಗೆ ತಲೆ ಕೆಟ್ಟಿದೆಯೇ? ಹಿತ್ತಲಲ್ಲಿ ಜಯಮ್ಮನ ಸ್ನಾನದ ನೀರಿನ ಒಲೆ ಇತ್ತು. ಒಲೆ ಅವರದಾದರೆ ಅವರೂ ಅಲ್ಲೇ ಕೂರುತ್ತಾರೆ. ಎದುರಿನವರು ಎದ್ದುಹೋಗಲಾಗದ ಹೊತ್ತು ನೋಡಿಯೇ ಚೌಕಾಸಿಯ ಮಾತು ಎತ್ತಬೇಕು. ಇದನ್ನು ನಾನು ಯಾರಿಂದಲೂ ಕಲಿತದ್ದಲ್ಲ.

ಹಣ್ಣು ತರಲು ಕನಕಪುರದ ಮಾರುಕಟ್ಟೆಗೆ ಮುಚ್ಚುವ ಹೊತ್ತಿಗೆ ಹೋದೆ. ಒತ್ತಿದರೆ ಒಡೆಯುವಷ್ಟು ಹಣ್ಣಾದದ್ದನ್ನು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ, ವ್ಯಾಪಾರಿ ಬುಟ್ಟಿಯನ್ನೇ ಎತ್ತಿ ಕೊಡುತ್ತಾನೆ. ಸುಗೊಗೆ ಬೇಕಾದದ್ದು ಅದೇ. ಎಣ್ಣೆ ಪಾವ್ಲೊ ಅವರ ಸೂಟ್‌ಕೇಸಿನಲ್ಲಿತ್ತು. ಸೊಪ್ಪೊಂದು ಇರಲಿಲ್ಲ. ಅವರು ತುಳಸಿಕಟ್ಟೆಗೆ ಹೋಗಿ ಎಲೆ ಮೂಸಿ, ಇದರ ತಂಗಿ ಬೇಕು ಎಂಬಂತೆ ತಲೆಯಾಡಿಸಿದರು. ನನಗೆ ಹೂವಾಡಗಿತ್ತಿ ಹಾರದ ನಡುವೆ ಕಟ್ಟುವ ಕಾಮಕಸ್ತೂರಿಯ ನೆನಪಾಯಿತು. ಹೂವಿಲ್ಲದೆ ಬರೀ ಕಾಮಕಸ್ತೂರಿ ಕಡ್ಡಿ ಕೇಳಿದ್ದಕ್ಕೆ ಆಕೆ ನನ್ನನ್ನು ಒಂದು ನಮೂನೆ ನೋಡಿದಳು, ಆದರೆ ಅದನ್ನು ಮೂಸಿದ ಪಾವ್ಲೊ ಕಣ್ಣು ಮುಚ್ಚಿ ನಿಂತುಬಿಟ್ಟರು.

ಬಿಸಿನೀರಿನಲ್ಲಿ ಅದ್ದಿ ಸಿಪ್ಪೆ ಸುಲಿದು, ಹಣ್ಣನ್ನು ಕೈಯಲ್ಲೇ ಹಿಸುಕಿದೆವು. ಈರುಳ್ಳಿ, ಕ್ಯಾರೆಟ್ಟು, ಬೆಳ್ಳುಳ್ಳಿಯನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಮೆತ್ತಗಾಗಿಸಿ, ಹಣ್ಣು ಸುರಿದು ಉಪ್ಪು ಹಾಕಿದ್ದಷ್ಟೇ. ಒಲೆಗೆ ಹಿಪ್ಪುನೇರಳೆ ಕಡ್ಡಿ. ಅಕ್ಕೂರಿನಲ್ಲಿರುವ ತಮ್ಮ ತಂಗಿಯ ಮನೆಯಲ್ಲಿ ರೇಷ್ಮೆಹುಳು ಎಲೆ ತಿಂದು ಬಿಟ್ಟದ್ದನ್ನು ಜಯಮ್ಮ ಹೊರೆಗಟ್ಟಲೆ ತರಿಸುತ್ತಾರೆ. ನಮ್ಮ ಕಡೆ ಹತ್ತಿಕಟ್ಟಿಗೆ ಭಗ್ಗನೆ ಉರಿದು ಹೋಗುತ್ತದೆ, ಇದು ಕೆಂಡವಾಗಿ ನಿಲ್ಲುತ್ತದೆ. ಪಾವ್ಲೊ ಕಡ್ಡಿಗಳನ್ನು ಹಿಂದಕ್ಕೆಳೆದು, ಪಾತ್ರೆಯಲ್ಲಿ ಒಂದು ಗುಳ್ಳೆ ಒಡೆದ ಮೇಲೆ ಇನ್ನೊಂದು ಏಳುವಷ್ಟಕ್ಕೆ ಉರಿಯನ್ನು ಇಳಿಸಿದರು. ಆಮೇಲೆ ಕಾಯುವುದು. ವಾರವಿಡೀ ರೊಟ್ಟಿ ಬಡಿದ ನನ್ನ ತೋಳುಗಳಿಗೆ ಅದೇ ಮೊದಲ ಬಿಡುವು.

"ಇಷ್ಟೊತ್ಗೆ ಎಮ್ಮೆ ಕೊಂಬೂ ಬೆಂದೋಗ್ತಿತ್ತು. ಈವಯ್ಯನ ಹೆಂಡ್ರು ಏನ್ ಮಾಡ್ತಾಳೋ ಪಾಪ" ಎಂದರು ಜಯಮ್ಮ. ಹಾಗೆಂದರೂ ಎದ್ದುಹೋಗಲಿಲ್ಲ. ನೀರು ನೀರಾಗಿದ್ದದ್ದು ಗಟ್ಟಿಯಾಗುತ್ತಾ ಬಣ್ಣ ಇಟ್ಟಿಗೆಗೆ ತಿರುಗಿತು, ಅಂಚಿನಲ್ಲಿ ಎಣ್ಣೆ ಬಿಟ್ಟಿತು. ಈಗ ಹೊತ್ತು ಎಂದುಕೊಂಡು ಬಾಯಿ ತೆರೆದೆ. "ಅಮ್ಮಾರ, ಮಳಿಗಿ ವಿಷಯ ಒಂದೀಟು ಮಾತಾಡೋದಿತ್ರಿ."

ಅವರು ಅದನ್ನು ಕೇಳಿಸಿಕೊಳ್ಳದವರಂತೆ, ಈವಯ್ಯ ಕೂರಿಸುತ್ತಿರುವ ಮೆಷೀನು ಫ್ಯಾಕ್ಟರಿಯಲ್ಲಿ ಯಾವ ಮಗ್ಗುಲಿಗಿದೆ ಕೇಳು ಎಂದರು. ಕೇಳಿದೆ. ಪಾವ್ಲೊ ಒಂದು ಇದ್ದಿಲು ತೆಗೆದುಕೊಂಡು ನೆಲದ ಮೇಲೆ ರಸ್ತೆ, ಗೇಟು, ಶೆಡ್ಡು ಬರೆದು, ಹಿಂದಿನ ಮೂಲೆಯಲ್ಲಿ ಚೌಕ ಹಾಕಿದರು. ಜಯಮ್ಮ ಬಗ್ಗಿ ಬಹಳ ಹೊತ್ತು ನೋಡಿದರು.

"ನಮ್ ಕಣ ಇದ್ದ ಜಾಗ ಅದು. ಅಲ್ಲೇ ರಾಗಿ ತೂರ್ತಿದ್ದೊ. ಈಗ ಗೇಟ್ನಾಗೆ ಪಾಸ್ ಕೇಳ್ತಾರೆ." ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಗೋಡೌನ್ಗೆ ಕೊಟ್ರೆ ಅವ್ರೂ ಬೀಗ ಜಡ್ಕೊಂಡ್ ಹೋಯ್ತಾರೆ. ನೀನಿದ್ರೆ ಜಗ್ಳಕ್ಕಾದ್ರೂ ಒಂದ್ ಬಾಯಿರ್ತದೆ. ಇರು ಕಣಮ್ಮಿ."

ಅಷ್ಟೇ. ನಾನು ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ. ಪಾವ್ಲೊ ಕಾಮಕಸ್ತೂರಿ ಹರಿದು ಹಾಕಿ ಮೊದಲ ಸೌಟನ್ನು ನನಗೇ ಕೊಟ್ಟರು. ಹುಳಿ ಹೋಗಿ ಸಿಹಿ ಬಂದಿತ್ತು. ಖಾರವಿಲ್ಲದೆಯೂ ಒಂದು ಸಾರು ಬಾಯಿ ತುಂಬಬಹುದು ಎಂದು ನಾನು ಒಪ್ಪಬೇಕಾಯಿತು. ಜಯಮ್ಮ ಅದಕ್ಕೆ ಮುದ್ದೆ ಮುರಿದು ಅದ್ದಿ ನುಂಗಿ, ಉಪ್ಪು ಒಸಿ ಕಡಿಮೆ ಎಂದರು. ಪಾವ್ಲೊ ತಟ್ಟೆ ಒರೆಸಿ ಒರೆಸಿ ಉಂಡರು.

ಗೆದ್ದೆ ಎಂದು ಖುಷಿಯಾಗಬೇಕಿತ್ತು. ಆದರೆ ಅಂಗಡಿ ತೊಳೆದು ಕುಳಿತಾಗ ಮೈಯೆಲ್ಲ ಸೋತಿತ್ತು. ಜಯಮ್ಮ ಬಿಟ್ಟುಹೋಗು ಎಂದೇ ಹೇಳಲಿ ಎಂದು ನನ್ನೊಳಗೆ ಯಾರೋ ಕಾಯುತ್ತಿದ್ದರು ಎಂಬುದು ಆಗಲೇ ತಿಳಿದದ್ದು. ಹಾಗೆ ಹೇಳಿದ್ದರೆ ಸೋತು ಬಂದೆ ಎನ್ನದೆ ಊರು ಸೇರಬಹುದಿತ್ತು. ಊರಲ್ಲಿ ನನ್ನ ಅಣ್ಣ, ವಾಪಸು ಬಂದರೆ ಇರಲಿ ಎಂದು, ಪಡಸಾಲೆಯ ಪಕ್ಕದ ಕೋಣೆಯನ್ನು ನಮಗಾಗಿ ಖಾಲಿ ಇಟ್ಟಿದ್ದ.

ಮರುದಿನ ಎಸ್‌ಟಿಡಿ ಬೂತಿನಿಂದ ಅವನಿಗೆ ಫೋನು ಮಾಡಿದೆ. ಮಳಿಗೆ ಉಳಿಯಿತು, ನಮ್ಮ ದಾರಿ ಕಾಯಬೇಡ, ಆ ಕೋಣೆಯಲ್ಲಿ ಜೋಳದ ಚೀಲ ಇಟ್ಟುಕೋ ಎಂದೆ.

"ಆತ್ ಬಿಡವಾ" ಎಂದ.

ಇಲ್ಲ, ಬಂದುಬಿಡು ಎಂದು ಒಂದು ಮಾತಾದರೂ ಎಳೆದಾಡುತ್ತಾನೆ ಎಂದುಕೊಂಡು, ರಿಸೀವರನ್ನು ಇನ್ನೂ ಒಸಿ ಹೊತ್ತು ಕಿವಿಗೇ ಹಿಡಿದು ನಿಂತಿದ್ದೆ.