ಹೊತ್ತು ಹುಟ್ಟುವ ಮುನ್ನಿನ ಸೋಮವಾರ

ನೋಟುಪುಸ್ತಕವನ್ನೂ ಹಳೆಯ ಪಂಚಾಂಗವನ್ನೂ ಮತ್ತೊಮ್ಮೆ ತಾಳೆ ನೋಡಿದ್ದೇನೆ. ತೊಂಬತ್ತರ ದಶಕದ ಕೊನೆಯ ಭಾಗ. ಆ ಮಗು ಹಾಸನದ ಆಸ್ಪತ್ರೆಗೆ ಬಂದದ್ದು ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ. ಇದರಲ್ಲಿ ಸಂಶಯವಿಲ್ಲ.

ನವಜಾತ ಶಿಶುವಿನ ರಕ್ತಕ್ಕೆ ಸೋಂಕು ತಗುಲಿರುವುದನ್ನು ಸಿ.ಆರ್.ಪಿ. ಎಂಬ ಪ್ರೋಟೀನಿನಿಂದ ಬೇಗ ಗುರುತಿಸಬಹುದೇ ಎಂಬುದು ಆಗ ನನ್ನ ಸಂಶೋಧನೆಯ ವಿಷಯ. ಸೋಂಕು ತಗುಲಿದೊಡನೆ ಅದು ರಕ್ತದಲ್ಲಿ ಏರುವುದಿಲ್ಲ. ಆದ್ದರಿಂದ, ಲಕ್ಷಣ ಕಂಡು ಹನ್ನೆರಡು ಗಂಟೆ ಕಳೆಯುವ ಮೊದಲು ಬಂದ 'ಸಹಜ' ಎಂಬ ಫಲಿತಾಂಶವನ್ನು ನಂಬದೆ, ಔಷಧ ಆರಂಭಿಸಿ ಮತ್ತೆ ಪರೀಕ್ಷಿಸಬೇಕು. ಈ ನಿಯಮವನ್ನು ಬರೆದವನು ನಾನೇ.

ಹಳ್ಳಿಮೈಸೂರಿನ ಕಡೆಯಿಂದ ಮಗುವನ್ನು ಎತ್ತಿಕೊಂಡು ಬಂದವರು ಅದರ ಅಜ್ಜಿ. ಬಾಣಂತಿ ಮನೆಯಲ್ಲೇ ಉಳಿದಿದ್ದಳು.

"ಯಾವಾಗಿನಿಂದ ಹಾಲು ಕುಡೀತಿಲ್ಲಮ್ಮ?" ಎಂದು ಕೇಳಿದೆ.

"ಸ್ವಾಮಾರದಿಂದ ಕಣ್ ಸಾ. ಬಾಯ್ಗಿಟ್ರೂ ಚೀಪಾಕಿಲ್ಲ."

"ಎಷ್ಟು ಗಂಟೆಗೆ?"

"ಗಡಿಯಾರ ಯಾರ್ ನೋಡ್ದೋರು?"

ಹಿಮ್ಮಡಿಗೆ ಸೂಜಿ ಚುಚ್ಚಿದಾಗ ಮಗು ಅಳಲಿಲ್ಲ. ಅಜ್ಜಿಯೇ ರೇಗಿದರು: "ಅಂಗೈ ಅಗಲದ ಮಗ. ಇರೋ ನಾಕ್ ತೊಟ್ಟನ್ನೂ ನೀವೇ ಇಂಡ್ಕಂಡ್ರೆ ಅದ್ಕೇನ್ ಉಳೀತದೆ?"

ಸೋಮವಾರ ಮುಗಿಯುವುದು ನಡುರಾತ್ರಿಗೆ. ಹೇಗೆ ಎಣಿಸಿದರೂ ಹನ್ನೆರಡು ಗಂಟೆ ಮೀರಿತ್ತು, ಹಾಗೆಂದೇ ಬರೆದೆ. ಫಲಿತಾಂಶ ಸಹಜವಾಗಿ ಬಂತು. ಮಕ್ಕಳ ವೈದ್ಯರು ನನ್ನ ಟಿಪ್ಪಣಿಯನ್ನು ನಂಬಿ, ಸೋಂಕಿನ ಔಷಧ ಕೊಡದೆ ಕಾದರು. ಬುಧವಾರ ಬೆಳಿಗ್ಗೆ ಮಗುವಿನ ಕೈಕಾಲು ತಣ್ಣಗಾದವು. ಆಗ ಕೊಟ್ಟ ಔಷಧ ಹತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಗು ತೀರಿಕೊಂಡಿತು.

ದಾಖಲೆ ಪೂರ್ಣಗೊಳಿಸಲು, ಮಗು ಹಾಲು ಬಿಟ್ಟದ್ದು ಯಾವ ಹೊತ್ತಿನಲ್ಲಿ ಎಂದು ಅಜ್ಜಿಯನ್ನು ಮತ್ತೆ ಕೇಳಿದೆ.

"ಕೋಳಿ ಕೂಗಿತ್ತು ಸಾ. ಇನ್ನೇನ್ ಬೆಳಕರೀಬೇಕು, ಆಗ ಬುಟ್ಬುಡ್ತು."

"ಹಾಗಾದರೆ ಅದು ಮಂಗಳವಾರ ಅಲ್ಲವೇನಮ್ಮ?"

"ಹೊತ್ತುಟ್ಟಿರ್ನಿಲ್ಲವಲ್ಲ. ಸ್ವಾಮಾರನೇ ಅಲ್ವ?"

ನನ್ನ ಲೇಖನಿ ನಿಂತಿತು. ಮಗು ಹಾಲು ಬಿಟ್ಟು ಏಳು ಗಂಟೆಯೂ ಆಗಿರದಿದ್ದಾಗ ನಾನು ರಕ್ತ ತೆಗೆದಿದ್ದೆ. ಸೂರ್ಯೋದಯದಿಂದ ಸೂರ್ಯೋದಯಕ್ಕೆ ಒಂದು ದಿನ ಎಂಬುದು ನನಗೆ ಹೊಸದಾಗಿರಲಿಲ್ಲ. ಹೊಳೆನರಸೀಪುರದ ನಮ್ಮ ಮನೆಯಲ್ಲಿ ನಿತ್ಯ ಬೆಳಿಗ್ಗೆ ಪಂಚಾಂಗ ಓದುತ್ತಿದ್ದರು. ನನ್ನ ಜನ್ಮದಿನವನ್ನೂ ಹಾಗೆಯೇ ಬರೆದಿಟ್ಟಿದ್ದರು.

ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. "ನಾನೇನಾರ ತಪ್ಪೇಳ್ಬುಟ್ನಾ ಸಾ?"

"ಇಲ್ಲಮ್ಮ" ಎಂದೆ. ತಪ್ಪು ನನ್ನದೆಂದು ಹೇಳಲಿಲ್ಲ.

ಅವರು ಮಗುವನ್ನು ತಂದಿದ್ದ ಟವೆಲಿನಲ್ಲೇ ಸುತ್ತಿಕೊಂಡು, ಮುಖ ಮುಚ್ಚದೆ, ಬಸ್‌ಸ್ಟ್ಯಾಂಡಿನ ಕಡೆಗೆ ನಡೆದರು.