ತಲೆ ಕಡೆಯಿಂದ ಹೊಲಿದ ಕೌದಿ

ನಿಮ್ಮ ಹತ್ತಿರ ಒಂದೇ ಅಗಲದ, ಒಂದೇ ಉದ್ದದ, ನೆಟ್ಟಗಿರುವ ಬಟ್ಟೆಯ ಪಟ್ಟಿಗಳು ಇವೆ ಅಂದುಕೊಳ್ಳಿ. ಒಂದರ ಪಕ್ಕ ಒಂದಿಟ್ಟು ಹೊಲಿದರೆ ಏನು ಬರಬೇಕು? ನೆಟ್ಟಗಿರುವ ಒಂದು ದೊಡ್ಡ ಬಟ್ಟೆ ತಾನೇ? ನನಗೆ ಬಂದದ್ದು ಬಾಳೆಹಣ್ಣು.

ತಮಾಷೆ ಮಾಡುತ್ತಿಲ್ಲ. ಹೋದ ವಾರ ನಿಪ್ಪಾಣಿಯ ನಮ್ಮ ಮನೆಯ ಪಡಸಾಲೆಯಲ್ಲಿ, ನಾನು ಹೊಲಿದದ್ದನ್ನು ಹಾಸಿದಾಗ ಅದರ ಒಂದು ಬದಿ ಹೊಟ್ಟೆ ಮುಂದೆ ಬಿಟ್ಟುಕೊಂಡಿತ್ತು, ಇನ್ನೊಂದು ಬದಿ ಹೊಟ್ಟೆ ಒಳಗೆಳೆದುಕೊಂಡಿತ್ತು. ನನ್ನ ಗಂಡ ಪೇಪರಿನಿಂದ ತಲೆಯೆತ್ತಿ, “ಚಲೋ ಆಗೈತಿ. ಕೂಸು ಬಾಗಿ ಮಲಗ್ತೈತೇನು?” ಎಂದು ಕೇಳಿ ಮತ್ತೆ ಪೇಪರಿನೊಳಗೆ ಹೋದರು. (ಗಂಡಸರಿಗೆ ಇಂಥ ಹೊತ್ತಿನಲ್ಲೇ ಮಾತು ಬರುವುದು ಯಾಕೆ?)

ಮೊದಲಿನಿಂದ ಹೇಳುತ್ತೇನೆ. ನನ್ನ ನಾದಿನಿ ಸುನಂದಾ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಕೂಸು ದುಂಡಗಿದೆ. ಆ ರವಿವಾರ ಅವಳನ್ನು ಕರೆದೊಯ್ಯಲು ಕಾಗವಾಡದಿಂದ ಅವಳ ಅತ್ತೆ, ಅಂದರೆ ನಮ್ಮ ಬೀಗತಿ, ಬರುವವರಿದ್ದರು. ತವರಿನವರು ಕೂಸಿನ ಜೊತೆ ತೊಟ್ಟಿಲು ಕಳಿಸಬೇಕು, ತೊಟ್ಟಿಲೊಳಗೆ ಕೌದಿ ಹಾಸಿ ಕಳಿಸಬೇಕು. ನಮ್ಮ ಕಡೆ ಇದು ಬಿಟ್ಟರೂ ಬಿಡದ ಪದ್ಧತಿ.

ತೊಟ್ಟಿಲಿನ ಚಿಂತೆ ಇರಲಿಲ್ಲ. ಚಿಂತೆ ಕೌದಿಯದು. ಸುನಂದಾಳ ಮದುವೆಯಲ್ಲಿ ನಮ್ಮ ಅತ್ತೆ ಹಳೆಯ ಸೀರೆಗಳ ಚೂರು ಸೇರಿಸಿ ತಾವೇ ಹೊಲಿದ ಕೌದಿಯನ್ನು ಕೊಟ್ಟಿದ್ದರು. ಬೀಗತಿ ಮಿರಜ ಕಡೆಯವರು, ಸಿಟ್ಟು ಬಂದರೂ ಸಂತೋಷವಾದರೂ ಮರಾಠಿ. ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, “ಹೀ ಗೋಧಡೀ ಕೀ ಚಿಂಧ್ಯಾ?” ಅಂದಿದ್ದರು. ಇದು ಕೌದಿಯೋ, ಚಿಂದಿಯೋ ಎಂದು. ನಾಲ್ಕು ಜನರ ನಡುವೆ ಆಡಿದ ಮಾತು. ಸುನಂದಾ ಆ ಮನೆಯಲ್ಲಿ ಅದನ್ನು ಇವತ್ತಿಗೂ ಕೇಳುತ್ತಿದ್ದಾಳೆ. ಅಡುಗೆಯಲ್ಲಿ ಉಪ್ಪು ಹೆಚ್ಚಾದರೂ ಮಾತು ಕೌದಿಗೇ ಹೋಗಿ ನಿಲ್ಲುತ್ತದಂತೆ.

ಅದಕ್ಕೇ ನಾನು ಮುಂದೆ ಬಿದ್ದು ಹೇಳಿದೆ. ಈ ಸಲ ಹಳೆಯ ಸೀರೆ ಬೇಡ, ಹೊಸ ಬಟ್ಟೆಯ ಡಿಸೈನ್ ಕೌದಿ ಮಾಡೋಣ, ಮೇಲಿನ ಪದರ ನಾನೇ ಮಶಿನ್ ಮೇಲೆ ಹೊಲಿಯುತ್ತೇನೆ ಎಂದು. (ಸ್ಕೂಲಿನಲ್ಲಿ ಪಾಠ ಹೇಳುವವರಿಗೆ ಇರುವ ರೋಗವೇ ಇದು. ಕೇಳದಿದ್ದರೂ ಕೈ ಎತ್ತುವುದು.) ಪೇಟೆಯಲ್ಲಿ ಇಚಲಕರಂಜಿಯಿಂದ ಬಂದ ಬಟ್ಟೆಯ ಪಟ್ಟಿಗಳ ಗಂಟು ಸಿಗುತ್ತದೆ. ಕೆಂಪು, ಹಳದಿ, ಹೂವಿನದು, ಗೆರೆಯದು. ಅಂಗಡಿಯವನು ಹೇಳಿದ, “ಎಲ್ಲಾ ಒಂದ ಸೈಜ್ ರೀ ಬಾಯಾರ. ಮಶಿನ್ ಕಟಿಂಗ್. ನೀವು ಬರೇ ಹೊಲಿಯೂದಷ್ಟ.”

ಬರೇ ಹೊಲಿಯುವುದು. ಆ ಮಾತು ನಂಬಿದೆ ನೋಡಿ.

ಮನೆಗೆ ತಂದು ಒಂದರ ಮೇಲೊಂದು ಇಟ್ಟರೆ ಒಂದು ಪಟ್ಟಿ ದಾರದೆಳೆಯಷ್ಟು ಅಗಲ, ಇನ್ನೊಂದು ಅಷ್ಟೇ ಸಣ್ಣ. ಅಂಚುಗಳನ್ನು ಗರಗಸದ ಹಲ್ಲಿನ ಹಾಗೆ ಕತ್ತರಿಸಿದ್ದರು. ಅಳೆಯಬೇಕಾದದ್ದು ಹಲ್ಲಿನ ತುದಿಯಿಂದಲೋ, ಸಂದಿಯಿಂದಲೋ? ನಾನು ತುದಿಯಿಂದ ಅಳೆದೆ. ಸುನಂದಾ ಸಂದಿಯಿಂದ ಅಳೆದಳು. ಅತ್ತೆ ಟೇಪನ್ನೇ ಮುಟ್ಟದೆ ಬೆರಳಿಟ್ಟು ನೋಡಿದರು. ಮೂವರಿಗೂ ಮೂರು ಲೆಕ್ಕ ಬಂತು. ಕೆಲವು ಪಟ್ಟಿ ಎಳೆದರೆ ಬರುತ್ತಿದ್ದವು, ಕೆಲವು ಜಪ್ಪಯ್ಯ ಎಂದರೂ ಬರುತ್ತಿರಲಿಲ್ಲ. ಬಟ್ಟೆಯನ್ನು ಉದ್ದಕ್ಕೆ ಕತ್ತರಿಸಿದ್ದು, ಅಡ್ಡಕ್ಕೆ ಕತ್ತರಿಸಿದ್ದು ಎಲ್ಲ ಒಂದೇ ಗಂಟಿನಲ್ಲಿದ್ದವೋ ಏನೋ, ನನಗೆ ಈಗಲೂ ಗೊತ್ತಿಲ್ಲ.

“ಪಟ್ಟೀನ ಸರಿ ಇಲ್ರಿ ಅತ್ತಿ,” ಅಂದೆ.

“ಕುಣಿಯಾಕ ಬರಲಾರದಾಕಿ ನೆಲಾ ಡೊಂಕ ಅಂದ್ಲಂತ,” ಅಂದರು ಅತ್ತೆ.

ಮಶಿನ್ ಮುಂದೆ ಕೂತ ಮೇಲೆ ಅವರು ಇನ್ನೊಂದು ಮಾತು ತೆಗೆದರು. “ಕೂಸಿನ ಕೌದಿ ಅದು. ಎಲ್ಲಾ ಹೊಲಿಗಿ ತಲಿ ಕಡಿಂದನ ಹಾಕು. ಕಾಲ ಕಡಿಂದ ಒಂದೂ ದಾರ ಹಾಕಬಾರದವ್ವ. ಹಾಕಿದ್ರ ಕೂಸು ಹಿಂದ ಸರೀತೈತಿ.”

“ಹಿಂದ ಸರಿಯೂದಂದ್ರ ಏನ್ರಿ?”

“ಅಂದ್ರ ಅಂದ್ರ. ಹಿರ್ಯಾರು ಹೇಳ್ಯಾರ.”

ಆಯಿತು. ಪ್ರತಿ ಪಟ್ಟಿಯನ್ನೂ ತಲೆಯ ಕಡೆಯಿಂದ ಶುರು ಮಾಡಿ ಕಾಲಿನ ಕಡೆ ಮುಗಿಸಿದೆ. ಕೆಳಗಿನ ಪಟ್ಟಿ ಮಶಿನ್ನಿನ ಹಲ್ಲಿಗೆ ಸಿಕ್ಕು ಮುಂದೆ ಓಡುತ್ತಿತ್ತು, ಮೇಲಿನದು ಹಿಂದೆ ಉಳಿಯುತ್ತಿತ್ತು. ಒಂದೊಂದರಲ್ಲಿ ಅದು ಕಣ್ಣಿಗೇ ಬೀಳಲಿಲ್ಲ. ಎಲ್ಲ ಸೇರಿಸಿ ಹಾಸಿದಾಗ ಮೊದಲೇ ಹೇಳಿದೆನಲ್ಲ, ಬಾಳೆಹಣ್ಣು.

ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದ ಸುನಂದಾ ಹೇಳಿದಳು, “ವೈನಿ, ಒಂದು ಪಟ್ಟಿ ಈ ಕಡಿಂದ, ಮುಂದಿಂದು ಆ ಕಡಿಂದ ಹೊಲದ್ರ ನೆಟ್ಟಗ ಆಗ್ತೈತಂತ. ಟೇಲರಿಂಗ್ ಕ್ಲಾಸಿನ್ಯಾಗ ಹೇಳಿದ್ರು.”

ನನಗೂ ಅದು ಸರಿ ಅನ್ನಿಸಿತು. ಅತ್ತೆಗೆ ಬಿಡಿಸಿ ಹೇಳಿದೆ. ಎಡಕ್ಕೆ ಎಳೆದದ್ದನ್ನು ಬಲಕ್ಕೆ ಎಳೆದರೆ ಸಮ ಆಗುತ್ತದೆ ಎಂದು ಕೈ ಆಡಿಸಿ ತೋರಿಸಿದೆ. ಅವರು ಕೇಳಿ ಮುಗಿಸಿ ಒಂದೇ ಮಾತು ಹೇಳಿದರು. “ಅಂದ್ರ ಅರ್ಧಾ ಹೊಲಿಗಿ ಕಾಲ ಕಡಿಂದ ಬರ್ತಾವು. ಬ್ಯಾಡ.”

ಬಿಚ್ಚಿದೆ. ಮತ್ತೆ ತಲೆಯ ಕಡೆಯಿಂದಲೇ ಹೊಲಿದೆ. ಈ ಸಲ ಮೇಲಿನ ಪಟ್ಟಿಯನ್ನು ಕೈಯಿಂದ ಎಳೆದು ಹಿಡಿದಿದ್ದೆ. ಬಾಗು ಸ್ವಲ್ಪ ಕಡಿಮೆಯಾಯಿತು, ಅದರ ಬದಲು ನಡುವೆ ಅಲೆ ಎದ್ದಿತು. ಮತ್ತೆ ಬಿಚ್ಚಿ ಮತ್ತೆ ಹೊಲಿದೆ, ಮತ್ತೆ ಬಾಗಿತು. ಬಿಚ್ಚಿ ಬಿಚ್ಚಿ ಅಂಚಿನ ಹಲ್ಲುಗಳು ಉದುರಿ, ಈಗ ಯಾವ ಪಟ್ಟಿ ಎಷ್ಟಗಲ ಅಂತ ಹೇಳಲು ಟೇಪಿಗೂ ಬರುತ್ತಿರಲಿಲ್ಲ. ತಪ್ಪು ಪಟ್ಟಿಯದೋ, ಮಶಿನ್ನಿನದೋ, ಟೇಪಿನದೋ, ನನ್ನದೋ, ಹಿರಿಯರದೋ? ನಿಜವಾಗಿ ತಲೆ ಕೆಟ್ಟುಹೋಯಿತು. ಸ್ಕೂಲಿನಲ್ಲಿ ಮಕ್ಕಳು ಸಾಲಾಗಿ ನಿಂತರೂ ಸಾಲು ಬಾಗಿದೆಯೇನೋ ಎಂದು ನೋಡತೊಡಗಿದೆ.

ಶುಕ್ರವಾರ ಸುನಂದಾ ಆ ಬಟ್ಟೆಯನ್ನು ನೋಡುತ್ತ ಅತ್ತುಬಿಟ್ಟಳು. “ಅವ್ವಾ, ಇದನ್ನ ಒಯ್ದ್ರ ಜೀವ ಇರೂತನಕ ಅದ ಮಾತು ಕೇಳಬೇಕು. ಕೌದಿ ಬ್ಯಾಡ. ಬರೇ ತೊಟ್ಲಾ ಕೊಡ್ರಿ.”

ಕೌದಿಯಿಲ್ಲದ ತೊಟ್ಟಿಲು! ಅದಕ್ಕಿಂತ ದೊಡ್ಡ ಮಾತು ಬೀಗತಿಯ ಬಾಯಿಗೆ ಇನ್ನೇನು ಬೇಕು? ನನಗೂ ಅಳು ಬಂತು. ಅತ್ತೆ ಮೊಮ್ಮಗನನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು.

ಶನಿವಾರ ಸ್ಕೂಲು ಮುಗಿಸಿ, ಪೇಟೆಯ ಕೆಲಸ ಮುಗಿಸಿ ಸಂಜೆ ಮನೆಗೆ ಬಂದರೆ ಪಡಸಾಲೆಯಲ್ಲಿ ಕೌದಿ ಹಾಸಿತ್ತು. ನೆಟ್ಟಗೆ. ಕೆಳಗೆ ಮೆತ್ತನೆಯ ಹಳೆಯ ಸೀರೆಯ ಪದರ ಹಾಕಿ, ನಾಲ್ಕೂ ಬದಿ ಮಡಚಿ, ಅತ್ತೆ ಮೇಲಿನಿಂದ ದೊಡ್ಡ ಹೊಲಿಗೆ ಹಾಕುತ್ತಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

“ಇದು ಹೆಂಗ ನೆಟ್ಟಗಾತ್ರಿ ಅತ್ತಿ?”

“ಎಳದ್ನಿ. ಕೌದಿಗೆ ಕೈ ಹಚ್ಚಿ ಎಳೀಬೇಕವ್ವ. ನೀವು ಟೇಪ್ ಎಳೀತೀರಿ.”

ಎಳೆದರೆ ಬಾಳೆಹಣ್ಣು ನೆಟ್ಟಗಾಗುತ್ತದೆಯೇ? ನಾನು ಎಳೆದಿರಲಿಲ್ಲವೇ? ಕೇಳಬೇಕೆಂದಿದ್ದೆ, ಆದರೆ ಸುನಂದಾ ನಗುತ್ತಿದ್ದಳು. ಅವಳ ನಗು ನೋಡಿ ಎಷ್ಟೋ ದಿನವಾಗಿತ್ತು.

ರವಿವಾರ ಬೀಗತಿ ಬಂದರು. ಚಹಾ ಕುಡಿದರು, ಕೂಸನ್ನು ಮುದ್ದಾಡಿದರು, ಆಮೇಲೆ ಕೌದಿ ಬಿಡಿಸಿ ತೊಡೆಯ ಮೇಲೆ ಹರಡಿಕೊಂಡರು. ಎರಡು ಪಟ್ಟಿ ಕೂಡುವಲ್ಲಿ ಹೆಬ್ಬೆರಳಿನಿಂದ ಬಿಡಿಸಿ ನೋಡಿದರು. ಬಿಳಿ ದಾರ, ನನ್ನ ಮಶಿನ್ ಹೊಲಿಗೆ. ಮುಂದಿನದನ್ನು ಬಿಡಿಸಿದರು. ಕೆಂಪು ದಾರ. ಕೈಹೊಲಿಗೆ. ಅದರ ಮುಂದಿನದು ಬಿಳಿ. ಆಮೇಲೆ ಕೆಂಪು.

ನಮ್ಮ ಮನೆಯಲ್ಲಿ ಕೆಂಪು ದಾರದ ಸೂಜಿ ಇರುವುದು ಒಬ್ಬರ ಹತ್ತಿರ ಮಾತ್ರ. ಮೊಣಕಾಲು ನೋವಿಗೆ ಮಶಿನ್ ತುಳಿಯಲಾಗದ ನಮ್ಮ ಅತ್ತೆಯ ಹತ್ತಿರ.

“ಇದೇನ್ರಿ, ಒಂದು ಮಶಿನ್, ಒಂದು ಕೈ?” ಬೀಗತಿ ಕೇಳಿದರು.

“ನಮ್ಮಲ್ಲಿ ಹಂಗ ಪದ್ಧತಿ ಐತ್ರಿ,” ಅಂದರು ಅತ್ತೆ, ಅಡಿಕೆ ಕತ್ತರಿಸುತ್ತ.

ಯಾವ ಪದ್ಧತಿ? ನಾನು ಈ ಮನೆಗೆ ಬಂದ ಮೇಲೆ ಕೇಳಿಯೇ ಇಲ್ಲ. ಆದರೆ ಬೀಗತಿ ತಲೆಯಾಡಿಸಿದರು. “ಹೌದೇನ್ರಿ? ಮತ್ತ ಎಲ್ಲಾ ತಲಿ ಕಡಿಂದನ ಹಾಕೀರಿಲ್ಲ?”

“ಮತ್ತ? ಕೂಸಿಂದ್ರಿ. ಕಾಲ ಕಡಿಂದ ಯಾರರೆ ಹಾಕ್ತಾರೇನ್ರಿ?”

“ಛಾನ್ ಆಗೈತ್ರಿ,” ಅಂದರು ಬೀಗತಿ. ಮರಾಠಿಯಲ್ಲಿ ಚೆನ್ನಾಗಿದೆ ಎಂದು. ತಾವೇ ಮಡಚಿ ತೊಟ್ಟಿಲಿನಲ್ಲಿಟ್ಟರು. ಸುನಂದಾ ತಾಯಿಯ ಮುಖ ನೋಡಿದಳು. ಅತ್ತೆ ಅಡಿಕೆ ನೋಡುತ್ತಿದ್ದರು.

ಸುನಂದಾ, ಕೂಸು, ಬೀಗತಿ ಕೂತ ಜೀಪು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. “ಅತ್ತಿ, ಒಂದು ಬಿಟ್ಟು ಒಂದು ಬಿಚ್ಚಿ, ಕೆಂಪ ಹೊಲಿಗಿ ಎಲ್ಲಾ ಕಾಲ ಕಡಿಂದ ಹಾಕೀರಿ ಹೌದಿಲ್ಲ?”

ಅವರು ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡಿದಂತೆ ನೋಡಿದರು. “ಕೌದಿ ತಿರಿವಿ ಹಾಸಿದ್ರ ಕಾಲ ಕಡೆ ಯಾವ್ದು, ತಲಿ ಕಡೆ ಯಾವ್ದು? ಹೋಗು, ಚಾ ಇಡು.”

ಚಹಾ ಇಟ್ಟೆ. ಕುದಿಯುವ ತನಕ ಯೋಚಿಸಿದೆ. ಕೌದಿ ನೆಟ್ಟಗಾದದ್ದು ದಿಕ್ಕು ಬದಲಿಸಿದ್ದಕ್ಕೋ, ಕೈಯಿಂದ ಹೊಲಿದದ್ದಕ್ಕೋ ನನಗೆ ಗೊತ್ತಿಲ್ಲ. ತಿರುವಿ ಹಾಸುವ ಈ ಉಪಾಯ ನಾನು ಬಿಚ್ಚಿ ಬಿಚ್ಚಿ ಹೊಲಿಯುವಾಗ ಅವರಿಗೆ ಯಾಕೆ ಹೊಳೆಯಲಿಲ್ಲವೋ, ಅದೂ ಗೊತ್ತಿಲ್ಲ. ಮಗಳ ಮಾನ ಉಳಿಯಿತು, ನನಗೆ ಸಂತೋಷವೇ. ಅತ್ತೆಯ ಮೇಲೆ ಸಿಟ್ಟೂ ಇಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ.

ಆದರೂ ಒಂದು ಮಾತು ಕೇಳುತ್ತೇನೆ, ನೀವಾದರೂ ಹೇಳಿ. ಆ ನಿಯಮ ಇದ್ದದ್ದು ಕೌದಿಗೋ, ಸೊಸೆಗೋ?