ಮೇಡಂ ಅನ್ನಿಸಿಕೊಂಡ ತಿಂಗಳು

ಹಾರೋಹಳ್ಳಿಯ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮಿಷನ್ನಿಗೆ ಕೂರುತ್ತಿದ್ದ ನನ್ನ ಅಕ್ಕನ ಮಗಳು ಹೋದ ವರ್ಷ ಸೂಪರ್‌ವೈಸರ್ ಆದಳು. ಅದಕ್ಕೆ ಮೊದಲು ತರಬೇತಿ ಕೊಟ್ಟರು. ಅಲ್ಲಿ ಬೋರ್ಡಿನ ಮೇಲೆ ಬರೆದಿದ್ದನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಬಂದು ನನ್ನ ಮುಂದೆ ಹಿಡಿದಳು. ಡಿಮ್ಯಾಂಡಿಂಗ್ ರೆಸ್ಪೆಕ್ಟ್ ಬೇಡ, ಕಮಾಂಡಿಂಗ್ ರೆಸ್ಪೆಕ್ಟ್ ಬೇಕು.

“ಮಾವ, ಕಮಾಂಡ್ ಅಂದ್ರೆ ಆರ್ಡರ್ ಮಾಡೋದಲ್ವಾ? ಕೇಳಬ್ಯಾಡ, ಆರ್ಡರ್ ಮಾಡು ಅಂತಾನಾ?”

ಬಾಯಿಬಿಟ್ಟು ಕೇಳಿ ಪಡೆಯುವ ಮರ್ಯಾದೆ ಒಂದು, ಬಾಯಿ ಬಿಡದೆ ತಾನಾಗಿ ಬರುವ ಮರ್ಯಾದೆ ಇನ್ನೊಂದು ಎಂದು ನನಗೆ ತಿಳಿದಂತೆ ಹೇಳಿದೆ. ಪಕ್ಕದಲ್ಲಿ ರಾಗಿ ಕೇರುತ್ತಿದ್ದ ನಮ್ಮವ್ವ ಮೊರ ನಿಲ್ಲಿಸಿ, “ಮರ್ವಾದೆನ ಆರ್ಡರ್ ಮಾಡಕ್ಕೆ ಅದೇನ್ ಓಟ್ಲಾ?” ಅಂದಳು.

ಹುಡುಗಿ ನಕ್ಕಳೇ ಹೊರತು ಮಾತು ತಲೆಗೆ ಹೋಗಲಿಲ್ಲ. ಅವಳ ಕೈಕೆಳಗಿನ ಲೈನಿನಲ್ಲಿದ್ದವರಲ್ಲಿ ಹೆಚ್ಚಿನವರು ಮರಳವಾಡಿ ಹತ್ತಿರದ ನಮ್ಮೂರಿನ ಹೆಂಗಸರೇ. ಹಿತ್ತಲ ಮನೆಯ ಚಿಕ್ಕವ್ವನಂತೂ ಇವಳಿಗೆ ಹೊಲಿಗೆ ಕಲಿಸಿದವಳು. ಮೊದಲ ದಿನವೇ ಇವಳು, “ಇಲ್ಲಿ ಕೂಸೆ, ಮಗ ಅನ್ನೋದೆಲ್ಲ ಬ್ಯಾಡ. ಮೇಡಂ ಅನ್ನಿ” ಎಂದುಬಿಟ್ಟಳು.

ಅಂದರು. ಎಷ್ಟು ಬೇಕೋ ಅದಕ್ಕಿಂತ ಹೆಚ್ಚೇ ಅಂದರು. “ಮೇಡಂ, ದಾರ ಕಿತ್ತೋಯ್ತು ಮೇಡಂ, ಆಕ್ಕೊಳ್ಳಲಾ ಮೇಡಂ?” “ಒಸಿ ಕೆಮ್ಮು ಬತ್ತಾ ಐತೆ ಮೇಡಂ, ಕೆಮ್ಮಲಾ?” ಊಟದ ಡಬ್ಬಿ ಬಿಚ್ಚಿದರೆ ಇವಳ ತಟ್ಟೆಗೆ ಒಂದು ತುಂಡು ಉಪ್ಪಿನಕಾಯಿಯೂ ಬೀಳಲಿಲ್ಲ. ಹೇಳಿದಷ್ಟು ಮಾಡಿ, ಹೇಳದಿದ್ದರೆ ಕೈಕಟ್ಟಿ ಕೂತರು. ದಿನಕ್ಕೆ ಹೊಲಿದು ಮುಗಿಸುವ ಪೀಸು ಕಡಿಮೆಯಾದವು. ಇನ್ನೊಂದು ತಿಂಗಳು ಹೀಗೇ ಆದರೆ ಮತ್ತೆ ಮಿಷನ್ನಿಗೆ ಕೂರಬೇಕು ಎಂದು ಮ್ಯಾನೇಜರ್ ಹೇಳಿದ ದಿನ, ಮನೆಗೆ ಬಂದವಳು ಕಾಫಿಯನ್ನೂ ಮುಟ್ಟಲಿಲ್ಲ.

ಆ ಭಾನುವಾರ ನಾನೂ ಊರಲ್ಲಿದ್ದೆ. ಅಕ್ಕನ ಮನೆಯ ರೇಷ್ಮೆ ಹುಳ ಒಟ್ಟಿಗೇ ಹಣ್ಣಾಗಿಬಿಟ್ಟವು. ಅವನ್ನು ಬೇಗ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಬೆಳೆ ಹೋದಂತೆ. ಇಂಥ ದಿನ ನೆರೆಮನೆಯವರೆಲ್ಲ ಕೈಜೋಡಿಸುತ್ತಾರೆ. ಆದರೆ ಮನೆಯವರು ಬಾಗಿಲಿಗೆ ಹೋಗಿ ಕರೆಯಬೇಕು. ಫೋನಿನಲ್ಲಿ ಕರೆದರೆ ಯಾರೂ ಬರುವುದಿಲ್ಲ. ಅಕ್ಕ ಹುಳದ ಮುಂದಿನಿಂದ ಏಳುವಂತಿರಲಿಲ್ಲ.

“ನೀನೇ ಓಗವ್ವ” ಅಂದಳು ನಮ್ಮವ್ವ.

“ಚಿಕ್ಕವ್ವನ ಮನೆಗೆ ನಾನೋಗಕಿಲ್ಲ, ಅಜ್ಜಿ. ಬೇಕಾದ್ರೆ ಫೋನ್ ಮಾಡ್ತೀನಿ.”

“ಫೋನಲ್ಲೇ ಹುಳನೂ ಆರ್ಸು, ಓಗು.”

ಹುಡುಗಿ ಚಪ್ಪಲಿಯನ್ನೂ ಹಾಕದೆ ಹೊರಟಳು. ಹಿತ್ತಲ ಬೇಲಿಯಾಚೆಯಿಂದ ಕೇಳಿಸಿತು: “ಚಿಕ್ಕವ್ವ, ಹುಳ ಹಣ್ಣಾದೊ, ಬಾರವ್ವ.” ಒಳಗೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಚಿಕ್ಕವ್ವನ ದನಿ: “ಅದ್ಕೆ ಅಷ್ಟ್ಯಾಕೆ ಗಂಟ್ಲು ನಡುಗುಸ್ತೀಯ? ನಡಿ, ಬಂದೆ.”

ದಾರಿಯಲ್ಲಿ ಸಿಕ್ಕವರನ್ನೆಲ್ಲ ಚಿಕ್ಕವ್ವನೇ ಕರೆದುಕೊಂಡು ಬಂದಳು. ಹಜಾರ ತುಂಬಿತು. ಆರಿಸುವ ಭರದಲ್ಲಿ ಚಿಕ್ಕವ್ವ ಒಂದೇ ಕಡೆ ಹುಳ ಸುರಿಯುತ್ತಿದ್ದಳು. ಅಕ್ಕನ ಮಗಳು ನೋಡಿ, ಕೈ ನಿಲ್ಲಿಸದೆಯೇ, “ಚಿಕ್ಕವ್ವ, ಒಸಿ ದೂರ ದೂರ ಬುಡು, ಎಲ್ಡೆಲ್ಡು ಹುಳ ಸೇರಿ ಜೋಡಿಗೂಡಾದ್ರೆ ರೇಟು ಸಿಗಕಿಲ್ಲ” ಅಂದಳು. ಚಿಕ್ಕವ್ವ ಹುಳಗಳನ್ನು ಬಿಡಿಸಿ ಹರಡಿದಳು. ಉಳಿದ ಹೆಂಗಸರ ಕೈಗಳೂ ಹಾಗೆಯೇ ದೂರ ದೂರ ಸರಿದವು. ನಾನು ಬೋರ್ಡಿನ ಮಾತು ನೆನಪಿಸಬೇಕೆಂದು ಬಾಯಿ ತೆರೆದೆ. ಅವ್ವ ಕಣ್ಣಲ್ಲೇ ಗದರಿಸಿದಳು.

ಸೋಮವಾರ ಸಂಜೆ ಫೋನು ಬಂತು. “ಮಾವ, ನನ್ ಮಾನ ಓಯ್ತು. ಎಲ್ರ ಮುಂದೆ ಚಿಕ್ಕವ್ವ, ‘ಏನೇ ಕೂಸೆ, ಕಾಲರ್ ತತ್ತಾ ಬಿರ್ನೆ, ಕೈ ಖಾಲಿ ಐತೆ’ ಅಂತ ಕೂಗುದ್ಲು.”

“ಪೀಸು?”

“ಅವಾದೊ. ಜಾಸ್ತೀನೇ ಆದೊ.” ನಗು ತಡೆಯುತ್ತಿದ್ದದ್ದು ಕೇಳಿಸುತ್ತಿತ್ತು. “ಮಡಗ್ತೀನಿ ಮಾವ, ವ್ಯಾನ್ ಬಂತು. ಚಿಕ್ಕವ್ವ ಸೀಟ್ ಇಡ್ಕೊಂಡವ್ಳೆ.”